ಮಕ್ಕಳೊಂದಿಗೆ ಒಂದು ದಿನ: ಮಹಾನಗರದ ಸುತ್ತಾಟ ಏಕೆ ಇಷ್ಟು ಕಷ್ಟವಾಯಿತು?

ರಜೆಯ ಹಿಂದಿನ ರಾತ್ರಿ ಮಹಾನಗರದ ಮನೆಮನೆಗಳಲ್ಲೂ ಏಳುವ ಪ್ರಶ್ನೆ ಒಂದೇ: ನಾಳೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಕೇಳಲು ಇದು ಸಣ್ಣ ಪ್ರಶ್ನೆ. ಆದರೆ ಅದರಲ್ಲಿರುವ ಕ್ರಿಯಾಪದವನ್ನು ಸ್ವಲ್ಪ ಗಮನಿಸಬೇಕು. ಎರಡು ತಲೆಮಾರಿನ ಹಿಂದೆ ಮಕ್ಕಳು ಹೊರಗೆ ಹೋಗುತ್ತಿದ್ದರು. ಹಸಿವಾದಾಗಲೋ ಕತ್ತಲಾದಾಗಲೋ ಮನೆಗೆ ಮರಳುತ್ತಿದ್ದರು. ಈಗ ಅವರನ್ನು ಹೊರಗೆ ಕರೆದೊಯ್ಯಬೇಕಾಗಿದೆ. 'ಹೋಗು' ಎಂಬುದು 'ಕರೆದೊಯ್ಯು' ಎಂದಾದ ಕೂಡಲೇ ಮಗುವಿನ ಆಟ ದೊಡ್ಡವರ ಬಿಡುವಿಗೆ, ದೊಡ್ಡವರ ವಾಹನಕ್ಕೆ, ದೊಡ್ಡವರ ಜೇಬಿಗೆ ಕಟ್ಟುಬಿದ್ದಿತು. ಇಂದಿನ ಕುಟುಂಬಗಳು ರಜಾದಿನದ ಸುತ್ತಾಟದ ಬಗ್ಗೆ ಪಡುವ ಆತಂಕ, ಮಾಡುವ ಖರ್ಚು ಮತ್ತು ಸಂಜೆ ಮನೆಗೆ ಬಂದಾಗ ಅನುಭವಿಸುವ ದಣಿವು ಇವೆಲ್ಲಕ್ಕೂ ಮೂಲ ಈ ಒಂದು ಬದಲಾವಣೆಯಲ್ಲಿದೆ ಎಂಬುದು ನನ್ನ ವಾದ.

ಇದು ಕೇವಲ ಹಳೆಯ ಕಾಲದ ಹಂಬಲವಲ್ಲ, ಅಳೆದು ನೋಡಿದ ಸಂಗತಿ. ಬ್ರಿಟನ್ನಿನ ಸಂಶೋಧಕ ಮೇಯರ್ ಹಿಲ್‌ಮನ್ ಮತ್ತು ಅವರ ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1971ರಲ್ಲಿ ಇಂಗ್ಲೆಂಡಿನ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ವೇಳೆಗೆ ಆ ಪ್ರಮಾಣ ಶೇ. 9ಕ್ಕೆ ಇಳಿದಿತ್ತು. ಇದೇ ಅವಧಿಯಲ್ಲಿ ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳ ಸಂಖ್ಯೆಯೂ ಇಳಿದಿತ್ತು. ರಸ್ತೆ ಸುರಕ್ಷಿತವಾಯಿತೆಂದು ಸರ್ಕಾರಗಳು ಅದನ್ನು ವ್ಯಾಖ್ಯಾನಿಸಿದರೆ, ಹಿಲ್‌ಮನ್ ಕಂಡದ್ದು ಬೇರೆ: ರಸ್ತೆ ಸುರಕ್ಷಿತವಾಗಲಿಲ್ಲ, ಮಕ್ಕಳನ್ನು ರಸ್ತೆಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ವಾಹನ ಹೆಚ್ಚಿದ ಊರುಗಳಲ್ಲೆಲ್ಲ ಈ ಮಾತಿನ ಸತ್ಯ ಮನೆಯ ಬಾಗಿಲಲ್ಲಿ ನಿಂತರೆ ಕಾಣುತ್ತದೆ. ಬೀದಿ ಮಕ್ಕಳಿಗೆ ಮುಚ್ಚಿಹೋದಾಗ ಅದರ ಬದಲಿಗೆ ಹುಟ್ಟಿಕೊಂಡದ್ದೇ ಯೋಜಿತ ಸುತ್ತಾಟ.

ಹೀಗೆ ಬದಲಿಯಾಗಿ ಬಂದ ವಸ್ತುವಿನ ಮೇಲೆ ಮೂಲದ ಭಾರವೆಲ್ಲ ಬೀಳುತ್ತದೆ. ವಾರದ ಐದಾರು ದಿನ ಮಗು ಕಳೆದುಕೊಂಡ ಓಟ, ಗೆಳೆತನ, ಬಿಸಿಲು, ಮಣ್ಣು, ಅನಿರೀಕ್ಷಿತ ಎಲ್ಲವನ್ನೂ ಒಂದೇ ದಿನದಲ್ಲಿ ಕೊಟ್ಟು ತೀರಿಸಬೇಕೆಂಬ ಒತ್ತಡ ತಂದೆತಾಯಂದಿರ ಮೇಲಿರುತ್ತದೆ. ಆ ಲೆಕ್ಕ ಕೂಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ, ಮೈ ಬಿಸಿಯಾಗಿ ಉಸಿರು ಏರುವಂಥ ಚಟುವಟಿಕೆ. 1ರಿಂದ 4 ವರ್ಷದ ಪುಟ್ಟ ಮಕ್ಕಳಿಗಾದರೆ ದಿನವಿಡೀ ಹರಡಿಕೊಂಡಂತೆ ಕನಿಷ್ಠ 180 ನಿಮಿಷಗಳ ಚಲನೆ. ಕಣ್ಣಿನ ವಿಷಯವೂ ಹೀಗೆಯೇ. ದೂರದ್ದು ಮಂಜಾಗಿ ಕಾಣುವ ಸಮೀಪದೃಷ್ಟಿ ಶಾಲಾಮಕ್ಕಳಲ್ಲಿ ವಿಪರೀತವಾದಾಗ ತೈವಾನ್ 2010ರಲ್ಲಿ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಾಂಗಣದ ಬೆಳಕಿನಲ್ಲಿರಿಸುವ ಕಾರ್ಯಕ್ರಮವನ್ನು ಶಾಲೆಗಳ ಮೂಲಕ ಆರಂಭಿಸಿತು. ಇವೆರಡರಲ್ಲೂ 'ದಿನಕ್ಕೆ' ಎಂಬ ಪದವೇ ಮುಖ್ಯ. ತಿಂಗಳಿಗೊಮ್ಮೆ ಹತ್ತು ಗಂಟೆ ಅಲೆದಾಡಿಸಿದರೆ ಅದು ದಿನದಿನದ ಒಂದು ಗಂಟೆಗೆ ಸಮವಾಗುವುದಿಲ್ಲ. ಆದ್ದರಿಂದ ಮಕ್ಕಳ ಸುತ್ತಾಟದ ಬಗ್ಗೆ ಯೋಚಿಸುವವರು ದೂರದ ದೊಡ್ಡ ತಾಣಗಳಿಗಿಂತ ಮೊದಲು ಮನೆಯಿಂದ ಹತ್ತು ನಿಮಿಷ ನಡೆದರೆ ಏನು ಸಿಗುತ್ತದೆ ಎಂಬುದನ್ನು ನೋಡಬೇಕು.

ಆದರೆ ಬಹುತೇಕ ಕುಟುಂಬಗಳು ಕೊನೆಗೆ ತಲುಪುವುದು ಮಾಲ್‌ಗೆ, ಅಥವಾ ಗಂಟೆಗಿಷ್ಟು ಎಂದು ಶುಲ್ಕ ತೆಗೆದುಕೊಳ್ಳುವ ಒಳಾಂಗಣ ಆಟದ ಕೇಂದ್ರಕ್ಕೆ. ಇದನ್ನು ಕಂಡು ಇಂದಿನ ಪೋಷಕರಿಗೆ ಪ್ರಕೃತಿಯ ಬೆಲೆ ತಿಳಿಯದು, ಮಕ್ಕಳಿಗೆ ಕೊಳ್ಳುವ ಚಟ ಹತ್ತಿಸುತ್ತಿದ್ದಾರೆ ಎಂದು ಬೈಯುವವರಿದ್ದಾರೆ. ಆ ಬೈಗುಳ ಅನ್ಯಾಯದ್ದು. ಎರಡು ವರ್ಷದ ಮಗುವನ್ನೂ ಆರು ವರ್ಷದ ಮಗುವನ್ನೂ ಜೊತೆಯಲ್ಲಿ ಕರೆದುಕೊಂಡು ಹೊರಟ ತಾಯಿಯ ಜಾಗದಲ್ಲಿ ನಿಂತು ನೋಡಿ. ಆಕೆಗೆ ಬೇಕಾದದ್ದು ನೆರಳು, ಕುಡಿಯುವ ನೀರು, ಕೂರಲು ಬೆನ್ನಿಗೆ ಆಸರೆಯಿರುವ ಒಂದು ಬೆಂಚು, ಬಾಗಿಲಿನ ಚಿಲಕ ಕೆಲಸ ಮಾಡುವ ಒಂದು ಶೌಚಾಲಯ, ಡೈಪರ್ ಬದಲಿಸಲು ಒಂದು ಸ್ವಚ್ಛವಾದ ಹಲಗೆ, ಹಾಲೂಡಿಸಲು ಯಾರೂ ದಿಟ್ಟಿಸದ ಒಂದು ಮೂಲೆ, ಮತ್ತು ದೊಡ್ಡ ಮಗು ಕೈ ಬಿಡಿಸಿಕೊಂಡು ಓಡಿದರೆ ಎದುರಿನಿಂದ ವಾಹನ ಬಾರದಂಥ ನಾಲ್ಕು ಮಾರು ನೆಲ. ಮಾಲ್ ಈ ಏಳನ್ನೂ ಒಂದೇ ಸೂರಿನಡಿ ಕೊಡುತ್ತದೆ. ಸಾರ್ವಜನಿಕ ಉದ್ಯಾನ ಬಹಳಷ್ಟು ಕಡೆ ಇವುಗಳಲ್ಲಿ ಎರಡನ್ನೋ ಮೂರನ್ನೋ ಮಾತ್ರ ಕೊಡುತ್ತದೆ. ಬಣ್ಣದ ದೀಪಗಳ ಆಕರ್ಷಣೆಯಿಂದಲ್ಲ, ಶೌಚಾಲಯದ ಕಾರಣದಿಂದ ಮಾರುಕಟ್ಟೆ ಗೆದ್ದಿದೆ ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಈ ಮಾತನ್ನು ನಗರಾಡಳಿತಗಳು ಗಂಭೀರವಾಗಿ ಕೇಳಿಸಿಕೊಳ್ಳಬೇಕು. ಹೊಸ ಉದ್ಯಾನವೊಂದನ್ನು ಉದ್ಘಾಟಿಸುವಾಗ ಕಾರಂಜಿ, ಪ್ರತಿಮೆ, ದೀಪಾಲಂಕಾರಕ್ಕೆ ಹಣವಿರುತ್ತದೆ. ಮೂರು ವರ್ಷದ ಬಳಿಕ ಶೌಚಾಲಯ ತೊಳೆಯುವವರ ಸಂಬಳಕ್ಕೆ ಹಣವಿರುವುದಿಲ್ಲ. ನಿರ್ಮಾಣಕ್ಕೆ ಒಂದು ಬಾರಿಯ ಅನುದಾನ ಸಿಗುತ್ತದೆ, ನಿರ್ವಹಣೆಗೆ ಪ್ರತಿವರ್ಷ ಬೇಡಬೇಕಾಗುತ್ತದೆ ಎಂಬುದೇ ಇದರ ಹಿಂದಿನ ಕಾರಣ. ಶೌಚಾಲಯ ಹಾಳಾದ ದಿನವೇ ಆ ಉದ್ಯಾನ ಸಣ್ಣ ಮಕ್ಕಳ ಪಾಲಿಗೆ, ಅದರಲ್ಲೂ ಹೆಣ್ಣುಮಕ್ಕಳ ಪಾಲಿಗೆ, ಅರ್ಧ ಗಂಟೆಯ ಜಾಗವಾಗಿ ಕುಗ್ಗುತ್ತದೆ. ತಂದೆಯೊಬ್ಬನೇ ಮಗುವನ್ನು ಕರೆತಂದರೆ ಇನ್ನೊಂದು ತೊಡಕು: ಡೈಪರ್ ಬದಲಿಸುವ ಹಲಗೆ ಇದ್ದರೂ ಅದು ಮಹಿಳೆಯರ ಕಡೆಗೆ ಇರುತ್ತದೆ. ಅಮೆರಿಕದಲ್ಲಿ ಸಾರ್ವಜನಿಕರು ಬಂದುಹೋಗುವ ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಪುರುಷರ ಶೌಚಾಲಯದಲ್ಲೂ ಈ ಸೌಲಭ್ಯ ಇರಬೇಕೆಂದು 2016ರಲ್ಲಿ ಕಾನೂನೇ ಆಗಬೇಕಾಯಿತು. ಒಂದು ಮರದ ಹಲಗೆಗೆ ಕಾನೂನು ಬೇಕೇ ಎಂದು ಕೇಳಬಹುದು. ಮಗುವಿನ ಆರೈಕೆ ಯಾರ ಕೆಲಸ ಎಂಬ ತೀರ್ಮಾನ ಕಟ್ಟಡದ ನಕ್ಷೆಯಲ್ಲೇ ಬರೆದುಹೋಗಿರುವಾಗ ಅದನ್ನು ಅಳಿಸಲು ಕಾನೂನು ಬೇಕಾಗುತ್ತದೆ.

ಆರೋಗ್ಯವಂತ ಮೂರು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 95 ಸೆಂಟಿಮೀಟರ್. ಪುಟ್ಟ ಮಕ್ಕಳಿಗಾಗಿ ಕೆಲಸ ಮಾಡುವ ಬರ್ನಾರ್ಡ್ ವಾನ್ ಲೀರ್ ಪ್ರತಿಷ್ಠಾನ ಈ ಅಂಕಿಯನ್ನೇ ಹೆಸರಾಗಿಟ್ಟುಕೊಂಡು, ಆ ಎತ್ತರದಿಂದ ನಗರವನ್ನು ನೋಡಿದರೆ ನೀವು ಏನನ್ನು ಬದಲಿಸುತ್ತೀರಿ ಎಂದು ಆಡಳಿತಗಾರರನ್ನು ಕೇಳುವ ಯೋಜನೆಯೊಂದನ್ನು ನಡೆಸಿಕೊಂಡು ಬಂದಿದೆ. ಈ ಪ್ರಯೋಗವನ್ನು ಯಾರು ಬೇಕಾದರೂ ಮಾಡಬಹುದು. ಜನನಿಬಿಡ ಪಾದಚಾರಿ ಮಾರ್ಗದಲ್ಲಿ ಒಮ್ಮೆ ಮಂಡಿಯೂರಿ ಕುಳಿತು ನೋಡಿ. ಅಂಗಡಿಗಳ ಹೆಸರಾಗಲಿ, ಆಕಾಶವಾಗಲಿ ಕಾಣುವುದಿಲ್ಲ. ಕಾಣುವುದು ಕಾಲುಗಳು, ಚೀಲಗಳ ತಳ, ನಿಲ್ಲಿಸಿದ ವಾಹನಗಳ ಬಂಪರ್. ಹೊಗೆಕೊಳವೆಯ ಬಾಯಿ ಹೆಚ್ಚುಕಡಿಮೆ ಮುಖದ ನೇರಕ್ಕೇ ಇರುತ್ತದೆ. ಮಕ್ಕಳು ತಮ್ಮ ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುವುದರಿಂದ ಅದೇ ಹೊಗೆ ಅವರಿಗೆ ಹೆಚ್ಚು ಹಾನಿ ಮಾಡುತ್ತದೆ. ಬಿಸಿಲಿನ ದಿನ ಡಾಂಬರು ಮತ್ತು ರಬ್ಬರಿನ ನೆಲ ಕಾದು ಮೇಲೆ ಬಿಡುವ ಶಾಖ ಮೊದಲು ತಟ್ಟುವುದೂ ತಳ್ಳುಗಾಡಿಯಲ್ಲಿ ಮಲಗಿರುವ ಮಗುವಿಗೆ. ಲೋಹದ ಜಾರುಬಂಡೆಯನ್ನು ಮಗು ಹತ್ತುವ ಮೊದಲು ಅಂಗೈಯಿಟ್ಟು ನೋಡುವ ಅಭ್ಯಾಸ ಇಲ್ಲದವರು ಅದನ್ನು ರೂಢಿಸಿಕೊಳ್ಳಬೇಕು.

ಸುತ್ತಾಟ ಕೆಡುವುದು ಸಾಮಾನ್ಯವಾಗಿ ತಾಣದಲ್ಲಲ್ಲ, ದಾರಿಯಲ್ಲಿ. ಒಂದೂವರೆ ಗಂಟೆ ಸಂಚಾರದಟ್ಟಣೆಯಲ್ಲಿ ಸೀಟಿಗೆ ಕಟ್ಟಿಕೊಂಡು ಕುಳಿತ ಮಗು ಮೃಗಾಲಯದ ಬಾಗಿಲಲ್ಲೇ ರಂಪ ಮಾಡಿದರೆ ಅದು ಹಟವಲ್ಲ, ದೇಹದ ಪ್ರತಿಭಟನೆ. ಹಾಗೆಂದು ಪ್ರಯಾಣವೆಲ್ಲ ಹೊರೆಯೇ ಆಗಬೇಕಾಗಿಲ್ಲ. ದೊಡ್ಡವರು ಪ್ರಯಾಣವನ್ನು ಎರಡು ಸ್ಥಳಗಳ ನಡುವಿನ ವ್ಯರ್ಥ ಸಮಯವೆಂದು ಲೆಕ್ಕ ಹಾಕಿದರೆ ಮಗುವಿಗೆ ರೈಲಿನ ಮೊದಲ ಬೋಗಿಯ ಕಿಟಕಿ, ಮೇಲಕ್ಕೆ ಕೆಳಕ್ಕೆ ಸಾಗುವ ಮೆಟ್ಟಿಲು, ಸುರಂಗದೊಳಗೆ ಹೊಕ್ಕಾಗಿನ ಕಿವಿಯ ಒತ್ತಡ ಇವೇ ತಾಣ. ಕೊನೆಯ ನಿಲ್ದಾಣದವರೆಗೆ ಹೋಗಿ, ಇಳಿದು, ಏನಾದರೂ ತಿಂದು, ಅದೇ ದಾರಿಯಲ್ಲಿ ಮರಳುವುದೇ ಐದು ವರ್ಷದ ಮಗುವಿಗೆ ಪರಿಪೂರ್ಣವಾದ ಒಂದು ಬೆಳಗು. ಇದಕ್ಕೆ ನಗರದ ಸಹಕಾರವೂ ಬೇಕು. ಸ್ಟಾಕ್‌ಹೋಮ್‌ನಲ್ಲಿ ಮಗುವಿರುವ ತಳ್ಳುಗಾಡಿಯೊಂದಿಗೆ ಬಸ್ಸು ಹತ್ತುವ ಒಬ್ಬ ದೊಡ್ಡವರಿಗೆ ಟಿಕೆಟ್ ಬೇಕಾಗಿಲ್ಲ. ಮಗುವನ್ನು ಒಂಟಿಯಾಗಿ ಬಿಟ್ಟು ಚಾಲಕನ ಬಳಿಗೆ ಹೋಗಿ ಹಣ ಕೊಡಬೇಕಾದ ಸ್ಥಿತಿ ಬಾರದಿರಲಿ ಎಂಬ ಸರಳ ತರ್ಕ ಅದರ ಹಿಂದಿದೆ. ನಿಲ್ದಾಣದಲ್ಲಿ ಲಿಫ್ಟ್ ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ಮನೆಯಲ್ಲಿ ಕುಳಿತೇ ತಿಳಿಯುವಂತೆ ಪ್ರಕಟಿಸುವುದು ಇದಕ್ಕಿಂತಲೂ ಅಗ್ಗದ ಕೆಲಸ.

ಇನ್ನು ತಾಣ ತಲುಪಿದ ಮೇಲೆ ಮಗು ಏನು ಮಾಡುತ್ತದೆ? ವಿಜ್ಞಾನ ವಸ್ತುಸಂಗ್ರಹಾಲಯವೊಂದರ ಬಾಗಿಲ ಬಳಿ ನಾನು ಕಂಡ ದೃಶ್ಯವನ್ನು ಇಲ್ಲಿ ಹೇಳಬೇಕು. ಸುಮಾರು ನಾಲ್ಕು ವರ್ಷದ ಹುಡುಗಿ ಇಳಿಜಾರಿನ ಪಕ್ಕದ ಮಳೆನೀರ ಚರಂಡಿಯ ಕಬ್ಬಿಣದ ಜಾಲರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಮೊದಲು ಒಣಗಿದ ಎಲೆಯೊಂದನ್ನು ಸಂದಿಯಲ್ಲಿ ತೂರಿಸಿದಳು, ಸದ್ದು ಬರಲಿಲ್ಲ. ಆಮೇಲೆ ಸಣ್ಣ ಕಲ್ಲು. ಒಂದು ಕ್ಷಣ ತಡೆದು 'ಟಕ್' ಎಂದಿತು. ಇನ್ನೊಂದು ಕಲ್ಲನ್ನು ಹುಡುಕಿ ತಂದು ಮತ್ತೆ ಹಾಕಿದಳು, ಈ ಸಲ ಜಾಲರಿಗೆ ಕಿವಿ ಹಚ್ಚಿ. ದೊಡ್ಡ ಕಲ್ಲು ಸಂದಿಯಲ್ಲಿ ಹಿಡಿಸಲಿಲ್ಲ, ಅದನ್ನು ಓರೆಯಾಗಿ ತಿರುಗಿಸಿ ನೋಡಿದಳು. ಅವಳ ತಂದೆ ಟಿಕೆಟ್ ಕೈಯಲ್ಲಿ ಹಿಡಿದು ಎರಡು ಸಲ ಗಡಿಯಾರ ನೋಡಿಕೊಂಡರು, ಒಂದು ಸಲ ಕರೆದರು, ಕೊನೆಗೆ ತಾವೂ ಪಕ್ಕದಲ್ಲಿ ಕುಳಿತು ಒಂದು ಬೀಜವನ್ನು ಆಯ್ದು ಕೊಟ್ಟರು. ಒಳಗಿನ ಪ್ರದರ್ಶನಗಳು ಕಲಿಸಬೇಕೆಂದಿದ್ದ ಭಾರ, ಸದ್ದು, ಆಳ, ಆಕಾರ ಎಲ್ಲವನ್ನೂ ಆ ಮಗು ಹೊರಗೇ ಕೈಯಾರೆ ಪರೀಕ್ಷಿಸುತ್ತಿತ್ತು. ಇಪ್ಪತ್ತು ನಿಮಿಷ ಕಳೆದಿದ್ದವು.

ಮಕ್ಕಳು ಹೀಗೆ ಆಡುತ್ತಾರೆ ಎಂಬುದನ್ನು ವಿನ್ಯಾಸಕಾರರು ಬಹಳ ಹಿಂದೆಯೇ ಗುರುತಿಸಿದ್ದರು. ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕ ಕಾರ್ಲ್ ಥಿಯೋಡೋರ್ ಸೋರೆನ್‌ಸೆನ್ ತಾವು ಅಂದವಾಗಿ ರೂಪಿಸಿದ ಆಟದ ಮೈದಾನಗಳನ್ನು ಬಿಟ್ಟು ಮಕ್ಕಳು ಕಟ್ಟಡ ಕಾಮಗಾರಿಯ ಜಾಗಗಳಲ್ಲಿ, ಹಳೆ ಸಾಮಾನಿನ ರಾಶಿಯಲ್ಲಿ ಆಡುವುದನ್ನು ಗಮನಿಸಿದರು. ಅವರ ಆಲೋಚನೆಯಂತೆ 1943ರಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ಕೋಪನ್‌ಹೇಗನ್‌ನ ಎಮ್ಡ್ರುಪ್‌ನಲ್ಲಿ, ಮಕ್ಕಳು ತಾವೇ ಹಲಗೆ ಜೋಡಿಸಿ, ಮೊಳೆ ಹೊಡೆದು, ಮಣ್ಣು ಅಗೆದು ಕಟ್ಟುವ ಮೈದಾನವೊಂದು ಆರಂಭವಾಯಿತು. 1946ರಲ್ಲಿ ಅದನ್ನು ಕಂಡ ಬ್ರಿಟನ್ನಿನ ಲೇಡಿ ಅಲೆನ್ ಆಫ್ ಹರ್ಟ್‌ವುಡ್, ಬಾಂಬು ಬಿದ್ದು ಪಾಳುಬಿದ್ದಿದ್ದ ತಮ್ಮ ನಗರಗಳ ನಿವೇಶನಗಳಿಗೆ ಆ ಕಲ್ಪನೆಯನ್ನು ಒಯ್ದರು. ಬ್ರಿಟನ್ನಿನ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲಿ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು: ಒಂದು ಜಾಗದಲ್ಲಿ ಕದಲಿಸಬಹುದಾದ, ಜೋಡಿಸಬಹುದಾದ, ಬದಲಾಯಿಸಬಹುದಾದ ಬಿಡಿ ವಸ್ತುಗಳು ಎಷ್ಟು ಹೆಚ್ಚೋ ಅಲ್ಲಿ ಮಕ್ಕಳ ಸೃಜನಶೀಲತೆಗೂ ಅಷ್ಟೇ ಹೆಚ್ಚು ಅವಕಾಶ. ಚರಂಡಿಯ ಬಳಿಯ ಹುಡುಗಿಗೆ ಸಿಕ್ಕಿದ್ದು ಎಲೆ, ಕಲ್ಲು, ಬೀಜ. ನಾವು ಲಕ್ಷಾಂತರ ಖರ್ಚು ಮಾಡಿ ಹಾಕುವ ಪ್ಲಾಸ್ಟಿಕ್ ಕೋಟೆಯಲ್ಲಿ ಕದಲಿಸಬಹುದಾದ ವಸ್ತು ಒಂದೂ ಇರುವುದಿಲ್ಲ. ಅಲ್ಲಿ ಹತ್ತುವುದು, ಜಾರುವುದು, ಮತ್ತೆ ಹತ್ತುವುದು ಅಷ್ಟೇ.

ಹಾಗಾದರೆ ದೊಡ್ಡ ಜಾಗ, ದೊಡ್ಡ ಹಣ ಇಲ್ಲದ ನಗರ ಏನು ಮಾಡಬಹುದು? ಆಮ್ಸ್ಟರ್‌ಡ್ಯಾಮ್‌ನ ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ಯುದ್ಧದ ನಂತರ ಜನಸಂಖ್ಯೆ ಏರುತ್ತಿದ್ದ, ವಸತಿ ಸಾಲದಿದ್ದ ಆ ಊರಿನಲ್ಲಿ ನಗರಪಾಲಿಕೆಯ ಯುವ ವಾಸ್ತುಶಿಲ್ಪಿ ಆಲ್ಡೋ ವಾನ್ ಐಕ್ 1947ರಲ್ಲಿ ಬೆರ್ಟೆಲ್ಮಾನ್ ಚೌಕದಲ್ಲಿ ಮೊದಲ ಆಟದ ತಾಣವನ್ನು ರೂಪಿಸಿದರು: ಅಗಲವಾದ ಅಂಚಿನ ಒಂದು ಮರಳುಗುಂಡಿ, ಮಗುಚಿ ನೇತಾಡಲು ಕಬ್ಬಿಣದ ಕೆಲವು ಕಂಬಿಗಳು, ಕುಪ್ಪಳಿಸಲು ಕಲ್ಲುಗಳು, ಕೂರಲು ಬೆಂಚು. 1978ರ ಹೊತ್ತಿಗೆ ಇಂಥ 700ಕ್ಕೂ ಹೆಚ್ಚು ತಾಣಗಳು ಊರಿನ ತುಂಬ ಹರಡಿದ್ದವು. ಅವುಗಳಲ್ಲಿ ಅನೇಕವು ಎರಡು ಮನೆಗಳ ನಡುವಿನ ಖಾಲಿ ನಿವೇಶನದಲ್ಲಿ, ರಸ್ತೆಗಳು ಕೂಡುವಲ್ಲಿ ಉಳಿದ ತ್ರಿಕೋನದಲ್ಲಿ ಎದ್ದವು. ತಮ್ಮ ಬೀದಿಗೂ ಒಂದು ಬೇಕೆಂದು ನಿವಾಸಿಗಳೇ ಪಾಲಿಕೆಗೆ ಪತ್ರ ಬರೆದರು. ಅಂಚಿನ ಅಗಲವನ್ನು ಗಮನಿಸಬೇಕು: ಮರಳಿನಲ್ಲಿ ಆಡುವ ಮಗುವಿಗೆ ಅದು ಮೇಜು, ಅಮ್ಮನಿಗೆ ಆಸನ, ದೊಡ್ಡ ಮಕ್ಕಳಿಗೆ ಸಮತೋಲ ಕಾಯ್ದು ನಡೆಯುವ ದಾರಿ. ನಗರದ ಅಂಚಿನಲ್ಲಿ ಒಂದು ಬೃಹತ್ ಉದ್ಯಾನ ಮಾಡುವುದಕ್ಕಿಂತ ಬೀದಿಬೀದಿಯಲ್ಲಿ ಏಳುನೂರು ಸಣ್ಣ ತಾಣಗಳನ್ನು ಮಾಡುವುದು ಬೇರೆ ಬಗೆಯ ರಾಜಕೀಯ ನಿರ್ಧಾರ. ಅಲ್ಲಿ ನಾಡಿಗೆ ತೋರಿಸುವಂಥ ಉದ್ಘಾಟನೆ ಇರುವುದಿಲ್ಲ, ಆದರೆ ಮಗು ದಿನಾ ಹೋಗಬಲ್ಲದು.

ವಸ್ತುಸಂಗ್ರಹಾಲಯಗಳ ಕಥೆ ಬೇರೆ. ಅಲ್ಲಿಗೆ ಹೋಗುವುದು ಮಕ್ಕಳಿಗೆ ಒಳ್ಳೆಯದೆಂದು ಎಲ್ಲರೂ ಒಪ್ಪುತ್ತಾರೆ, ಅರ್ಧದಷ್ಟು ಮಂದಿ ಮಕ್ಕಳನ್ನು ಗದರಿಸುತ್ತ ಹೊರಬರುತ್ತಾರೆ. ಬಾಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ 'ವಸ್ತುಸಂಗ್ರಹಾಲಯದ ದಣಿವು' ಎಂಬ ವಿಷಯವಾಗಿ ಬರೆದಿದ್ದರು. ವಸ್ತುಗಳನ್ನು ನೋಡಲು ವೀಕ್ಷಕ ಎಷ್ಟು ಬಗ್ಗಬೇಕು, ಕುಕ್ಕರಿಸಬೇಕು, ಕತ್ತು ಚಾಚಬೇಕು ಎಂಬುದನ್ನು ಛಾಯಾಚಿತ್ರಗಳ ಮೂಲಕ ತೋರಿಸಿದ್ದರು. ಅವರ ಚಿತ್ರದಲ್ಲಿದ್ದದ್ದು ವಯಸ್ಕ ಗಂಡಸು. ಗಾಜಿನ ಪೆಟ್ಟಿಗೆಯ ತಳಭಾಗವಷ್ಟೇ ಕಾಣುವ ಮಗುವಿನ ದಣಿವು ಹೇಗಿರಬಹುದು? ಮಕ್ಕಳಿಗೆಂದೇ ಮೊದಲ ವಸ್ತುಸಂಗ್ರಹಾಲಯ 1899ರಲ್ಲಿ ಬ್ರೂಕ್ಲಿನ್‌ನಲ್ಲಿ ತೆರೆಯಿತು. ಭೌತವಿಜ್ಞಾನಿ ಫ್ರ್ಯಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಎಕ್ಸ್‌ಪ್ಲೊರೇಟೋರಿಯಂ, ನೋಡುವುದಕ್ಕಿಂತ ಮುಟ್ಟಿ, ತಿರುಗಿಸಿ, ಮಾಡಿ ತಿಳಿಯುವ ಪ್ರದರ್ಶನಗಳನ್ನು ಮುಂದಿಟ್ಟು, ಜಗತ್ತಿನ ಅನೇಕ ವಿಜ್ಞಾನ ಕೇಂದ್ರಗಳಿಗೆ ಮಾದರಿಯಾಯಿತು.

ಆದರೆ ಮುಟ್ಟುವ ಪ್ರದರ್ಶನಕ್ಕಿಂತಲೂ ದೊಡ್ಡ ವ್ಯತ್ಯಾಸ ತರುವುದು ಪ್ರವೇಶ ಶುಲ್ಕದ ನೀತಿ ಎಂದು ನನಗನ್ನಿಸುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಶಾಶ್ವತ ಸಂಗ್ರಹಗಳಿಗೆ 2001ರ ಡಿಸೆಂಬರ್‌ನಿಂದ ಪ್ರವೇಶ ಉಚಿತ. ಇದರಿಂದ ಉಳಿಯುವುದು ಹಣ ಮಾತ್ರವಲ್ಲ. ನಾಲ್ವರಿಗೆ ಟಿಕೆಟ್ ಕೊಂಡ ಕುಟುಂಬ ಕೊಟ್ಟ ದುಡ್ಡಿಗೆ ನ್ಯಾಯ ಸಿಗಲೆಂದು ಎಲ್ಲ ಮಹಡಿಗಳನ್ನೂ ನೋಡಿಯೇ ತೀರಬೇಕೆಂದು ಹಟ ಹಿಡಿಯುತ್ತದೆ. ಮೂರನೆಯ ಮಹಡಿಯಲ್ಲಿ ಮಗು ನೆಲದ ಮೇಲೆ ಮಲಗಿಬಿಡುತ್ತದೆ. ಉಚಿತವಾದಾಗ ಅದೇ ಕುಟುಂಬ ಒಂದು ಡೈನೋಸಾರ್ ಅಸ್ಥಿಪಂಜರವನ್ನು ನೋಡಿ, ಅದರ ಬೆರಳು ಎಣಿಸಿ, ನಲವತ್ತು ನಿಮಿಷಕ್ಕೆ ಹೊರಬರಬಹುದು. ಮುಂದಿನ ತಿಂಗಳು ಬಂದು ಬಾಲದ ಮೂಳೆ ಎಣಿಸಬಹುದು. ಶುಲ್ಕ ತೆಗೆಯಲಾಗದ ಸಂಸ್ಥೆಗಳು ಮಧ್ಯಾಹ್ನದ ಕೊನೆಯ ಎರಡು ಗಂಟೆಗಳಿಗೆ ಕಡಿಮೆ ದರ, ಇಲ್ಲವೇ ವರ್ಷಕ್ಕೆ ಒಂದೇ ಸಲ ಪಾವತಿಸುವ ಕುಟುಂಬದ ಚೀಟಿ ತಂದರೂ ಇದೇ ಪರಿಣಾಮದ ಒಂದು ಪಾಲು ಸಿಗುತ್ತದೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರವೇಶ ಸಾಮಾನ್ಯವಾಗಿ ಉಚಿತವಾದ್ದರಿಂದ ಈ ಕೆಲಸಕ್ಕೆ ಅವುಗಳಷ್ಟು ತಕ್ಕ ಸ್ಥಳ ಇನ್ನೊಂದಿಲ್ಲ. 2018ರ ಡಿಸೆಂಬರ್‌ನಲ್ಲಿ ಹೆಲ್ಸಿಂಕಿಯಲ್ಲಿ ತೆರೆದ ಓಡಿ ಗ್ರಂಥಾಲಯದಲ್ಲಿ ಮಕ್ಕಳು ಗದ್ದಲ ಮಾಡಬಹುದಾದ ಜಾಗವಿದೆ, ಹೊಲಿಗೆ ಯಂತ್ರವಿದೆ, ಮೂರು ಆಯಾಮದ ಮುದ್ರಣ ಯಂತ್ರವಿದೆ. ಮೌನದ ಫಲಕ ತೂಗುಹಾಕಿ ಮಕ್ಕಳನ್ನು ಹೊರಗಿಟ್ಟ ಗ್ರಂಥಾಲಯಗಳು ಒಂದು ಕೋಣೆಯ ಬಾಗಿಲು ಮುಚ್ಚಿ ಒಳಗೆ ಗದ್ದಲಕ್ಕೆ ಅನುಮತಿ ಕೊಟ್ಟರೂ ಸಾಕು.

ಆಟದಲ್ಲಿ ಮಗುವಿಗೆ ಎಷ್ಟು ಅಧಿಕಾರವಿದೆ ಎಂಬ ಪ್ರಶ್ನೆಯೂ ಇಲ್ಲಿ ಬರುತ್ತದೆ. ಮಕ್ಕಳು ವೈದ್ಯರಾಗಿ, ಅಗ್ನಿಶಾಮಕ ಸಿಬ್ಬಂದಿಯಾಗಿ, ಪೈಲಟ್ ಆಗಿ ನಟಿಸುವ, ನಿಜವಾದ ಕಂಪನಿಗಳ ಹೆಸರು ಹೊತ್ತ ಮಳಿಗೆಗಳಿರುವ ಕಿಡ್ಜಾನಿಯಾ 1999ರಲ್ಲಿ ಮೆಕ್ಸಿಕೋ ನಗರದಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹರಡಿತು. ಅದಕ್ಕಿಂತ ಇಪ್ಪತ್ತು ವರ್ಷ ಮೊದಲು, 1979ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ ಮಿನಿ-ಮ್ಯೂನಿಕ್ ಎಂಬ ಆಟದ ನಗರ ಶುರುವಾಗಿತ್ತು. ಬೇಸಿಗೆ ರಜೆಯಲ್ಲಿ ಕೆಲವು ವಾರ ನಡೆಯುವ ಈ ನಗರದಲ್ಲಿ 7ರಿಂದ 15 ವರ್ಷದ ಮಕ್ಕಳು ಕೆಲಸ ಮಾಡುತ್ತಾರೆ, ತಮ್ಮದೇ ನಾಣ್ಯದಲ್ಲಿ ಸಂಬಳ ಪಡೆಯುತ್ತಾರೆ, ತೆರಿಗೆ ಕಟ್ಟುತ್ತಾರೆ, ಮೇಯರನ್ನು ಆರಿಸುತ್ತಾರೆ, ಬೇಡದ ನಿಯಮ ಬದಲಿಸುತ್ತಾರೆ. ಮೊದಲಿನದರಲ್ಲಿ ಪಾತ್ರ ಸಿದ್ಧವಾಗಿರುತ್ತದೆ, ಮಗು ಅದನ್ನು ತೊಟ್ಟುಕೊಳ್ಳುತ್ತದೆ. ಎರಡನೆಯದರಲ್ಲಿ ನಿಯಮವೇ ಮಗುವಿನ ಕೈಯಲ್ಲಿರುತ್ತದೆ. ಎರಡರಲ್ಲೂ ಮಕ್ಕಳು ನಲಿಯುತ್ತಾರೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸಾರ್ವಜನಿಕ ಹಣ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನನ್ನ ಮತ ಎರಡನೆಯದಕ್ಕೆ.

ಯಾವ ಮಕ್ಕಳು ಎಂಬುದನ್ನೂ ಕೇಳದಿದ್ದರೆ ಈ ಚರ್ಚೆ ಅಪೂರ್ಣ. ವಿಯೆನ್ನಾ ನಗರ 1990ರ ದಶಕದಲ್ಲಿ ತನ್ನ ಉದ್ಯಾನಗಳನ್ನು ಪರಿಶೀಲಿಸಿದಾಗ ಒಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಅಲ್ಲಿಂದ ಕಾಣೆಯಾಗುತ್ತಿರುವುದು ಕಂಡುಬಂತು. ಅವರನ್ನು ಯಾರೂ ತಡೆದಿರಲಿಲ್ಲ. ಸುತ್ತಲೂ ಬೇಲಿಯಿದ್ದ, ಒಂದೇ ಬಾಗಿಲಿನ ಚೆಂಡಾಟದ ಅಂಗಳವನ್ನು ಹುಡುಗರು ಮೊದಲು ಹಿಡಿದುಕೊಂಡರೆ ಹುಡುಗಿಯರು ಜಗಳವಾಡದೆ ಮನೆಗೆ ಹೋಗುತ್ತಿದ್ದರು. 1999ರಲ್ಲಿ ಎರಡು ಉದ್ಯಾನಗಳನ್ನು ಬದಲಿಸಿ, ಒಂದೇ ದೊಡ್ಡ ಅಂಗಳವನ್ನು ಚಿಕ್ಕಚಿಕ್ಕ ಭಾಗಗಳಾಗಿ ಒಡೆದು, ದಾರಿಗಳನ್ನು ಹೆಚ್ಚಿಸಿ, ಗುಂಪಾಗಿ ಕೂರುವ ಜಾಗಗಳನ್ನು ಸೇರಿಸಿದಾಗ ಹೆಣ್ಣುಮಕ್ಕಳು ಮರಳಿ ಬಂದರು. ಹಾಗೆಯೇ ಸದ್ದು ಮತ್ತು ಜನಜಂಗುಳಿಯನ್ನು ತಾಳಲಾರದ ಆಟಿಸಂ ಇರುವ ಮಕ್ಕಳಿಗಾಗಿ ಕೆಲವು ವಸ್ತುಸಂಗ್ರಹಾಲಯಗಳು, ರಂಗಮಂದಿರಗಳು ದೀಪ ಮಂಕಾಗಿಸಿ, ಧ್ವನಿ ತಗ್ಗಿಸಿ, ಪ್ರೇಕ್ಷಕರ ಸಂಖ್ಯೆ ಮಿತಗೊಳಿಸಿ ಪ್ರತ್ಯೇಕ ವೇಳೆ ಮೀಸಲಿಡುತ್ತವೆ. ಇಂಥ ಮಗುವಿನ ಕುಟುಂಬಕ್ಕೆ ಆ ಎರಡು ಗಂಟೆ ಸಿಗುವುದೆಂದರೆ ಯಾರ ನೋಟಕ್ಕೂ ಕ್ಷಮೆ ಕೇಳದೆ ಹೊರಗಿರುವ ಎರಡು ಗಂಟೆ.

ಕುಟುಂಬಗಳು ನಗರ ಬದಲಾಗುವವರೆಗೆ ಕಾಯಲಾಗದು. ಆದ್ದರಿಂದ ಅನುಭವಸ್ಥರು ಕಂಡುಕೊಂಡ ಕೆಲವನ್ನು ಹೇಳುವುದು ಸೂಕ್ತ. ಒಂದು ದಿನಕ್ಕೆ ಒಂದೇ ತಾಣ, ಅದೂ ಅರ್ಧ ದಿನ ಸಾಕು. ಬೆಳಗಿನ ಜಾವದ ಉತ್ಸಾಹ ಮುಗಿಯುವ ಮುನ್ನ ತಲುಪಿ, ಮಗು ಇನ್ನೂ ಇರೋಣವೆನ್ನುವಾಗಲೇ ಹೊರಟರೆ ಮುಂದಿನ ಸಲ ಕರೆಯಬೇಕಾಗಿಲ್ಲ, ತಾನೇ ಹೊರಡುತ್ತದೆ. ಎರಡು ವಯಸ್ಸಿನ ಮಕ್ಕಳಿದ್ದರೆ ಇಬ್ಬರಿಗೂ ಒಪ್ಪುವ ತಾಣ ಹುಡುಕುತ್ತ ಸೋಲುವುದಕ್ಕಿಂತ ನೀರು, ಮರಳು, ಇಳಿಜಾರು ಇವುಗಳಲ್ಲಿ ಒಂದಾದರೂ ಇರುವ ಬಯಲಿಗೆ ಹೋಗುವುದು ಮೇಲು, ಏಕೆಂದರೆ ಈ ಮೂರನ್ನೂ ಪ್ರತಿಯೊಂದು ವಯಸ್ಸೂ ತನಗೆ ಬೇಕಾದಂತೆ ಬಳಸಿಕೊಳ್ಳುತ್ತದೆ. ಹೊರಡುವ ಮುನ್ನ ಮಗುವಿನ ಅಂದಿನ ಉಡುಪಿನಲ್ಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಯಾವ ಬಣ್ಣದ ಅಂಗಿ ಎಂಬುದು ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ. ಫೋನ್ ಸಂಖ್ಯೆಯನ್ನು ಮುಂಗೈಯ ಒಳಬದಿಗೆ ಬರೆಯಿರಿ. ತಪ್ಪಿಸಿಕೊಂಡರೆ ಹುಡುಕುತ್ತ ಅಲೆಯಬಾರದು, ಇದ್ದಲ್ಲೇ ನಿಂತು ಸಮವಸ್ತ್ರದಲ್ಲಿರುವವರನ್ನೋ ಮಕ್ಕಳೊಂದಿಗಿರುವ ಅಮ್ಮನನ್ನೋ ಕೂಗಿ ಕೇಳಬೇಕೆಂದು ಬಾಗಿಲಲ್ಲೇ ಹೇಳಿ, ಮಗುವಿನಿಂದ ಒಮ್ಮೆ ಹೇಳಿಸಿ.

ನಗರಗಳ ಮಟ್ಟಿಗೆ ದುಬಾರಿಯಲ್ಲದ ಎರಡು ದಾರಿಗಳು ಈಗಾಗಲೇ ಪರೀಕ್ಷೆಗೊಳಗಾಗಿವೆ. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ನಡೆದುಬಂದಿರುವ ಸಿಕ್ಲೋವಿಯಾದಲ್ಲಿ ಭಾನುವಾರ ಮತ್ತು ರಜಾದಿನಗಳ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳನ್ನು ಮೋಟಾರು ವಾಹನಗಳಿಗೆ ಮುಚ್ಚಿ, ಸೈಕಲ್ಲು, ನಡಿಗೆ, ಆಟಕ್ಕೆ ಬಿಟ್ಟುಕೊಡಲಾಗುತ್ತದೆ. ಹೊಸ ಜಾಗ ಕೊಳ್ಳಬೇಕಾಗಿಲ್ಲ, ಇರುವ ರಸ್ತೆಗೆ ಬೇರೆ ವೇಳಾಪಟ್ಟಿ ಅಷ್ಟೇ. ವಾರವೂ ತಪ್ಪದೆ ನಡೆಯುವುದರಿಂದ ಜನ ಅದನ್ನು ನೆಚ್ಚಿ ಯೋಜನೆ ಹಾಕಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ನಡೆಸುವ ವಾಹನರಹಿತ ದಿನಕ್ಕೆ ಈ ಗುಣ ಬಾರದು.

ಎರಡನೆಯದು ಶಾಲೆಗಳ ಮೈದಾನ. ಪ್ರತಿಯೊಂದು ಬಡಾವಣೆಯಲ್ಲೂ ಮಕ್ಕಳಿಗೆಂದೇ ಮಾಡಿದ, ಬೇಲಿಯಿರುವ, ವಾಹನ ಬಾರದ, ಶೌಚಾಲಯವೂ ನೀರೂ ಇರುವ ಒಂದು ಅಂಗಳವಿರುತ್ತದೆ, ಮತ್ತು ಮಕ್ಕಳಿಗೆ ಬಿಡುವಿರುವ ದಿನವೇ ಅದಕ್ಕೆ ಬೀಗ ಬಿದ್ದಿರುತ್ತದೆ. ನ್ಯೂಯಾರ್ಕ್ 2007ರಲ್ಲಿ ಶಾಲಾ ಅಂಗಳಗಳನ್ನು ಪಾಠದ ವೇಳೆಯಾಚೆ ಸಾರ್ವಜನಿಕ ಆಟದ ತಾಣಗಳಾಗಿ ತೆರೆಯುವ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ಪ್ಯಾರಿಸ್ ತನ್ನ ಶಾಲಾ ಅಂಗಳಗಳ ಡಾಂಬರು ಕಿತ್ತು ಮರ, ಮಣ್ಣು, ನೆರಳು ತುಂಬುತ್ತ, ಅವುಗಳಲ್ಲಿ ಕೆಲವನ್ನು ಶನಿವಾರ ನೆರೆಹೊರೆಯವರಿಗೆ ತೆರೆಯುತ್ತಿದೆ. ಇದನ್ನು ವಿರೋಧಿಸುವ ಶಾಲಾ ಮುಖ್ಯಸ್ಥರ ಆತಂಕ ನಿಜವಾದದ್ದು: ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ಹೊಣೆ ಯಾರದು, ಮರುದಿನ ಬೆಳಿಗ್ಗೆ ಅಂಗಳವನ್ನು ಗುಡಿಸುವವರು ಯಾರು, ತರಗತಿಗಳ ಕಡೆ ಯಾರೂ ಹೋಗದಂತೆ ನೋಡಿಕೊಳ್ಳುವವರು ಯಾರು? ಈ ಮೂರಕ್ಕೂ ಶಾಲೆಯ ಬದಲು ಪಾಲಿಕೆ ಹೊಣೆ ಹೊತ್ತು, ವಿಮೆ ಕಟ್ಟಿ, ಒಬ್ಬ ಕಾವಲುಗಾರ ಮತ್ತು ಒಬ್ಬ ಸ್ವಚ್ಛತಾ ಸಿಬ್ಬಂದಿಯ ರಜಾದಿನದ ಸಂಬಳವನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡರೆ, ಮುಂದಿನ ರಜೆಯ ಬೆಳಿಗ್ಗೆ ಒಂಬತ್ತು ಗಂಟೆಗೆ ಆ ಬೀಗ ತೆಗೆಯಬಹುದು.